ಅಪ್ಪನ ಐದು ಪದಗಳು

ಪುಟ್ಟಿ,

ಪಿಎಚ್.ಡಿ. ಅರ್ಜಿ ಬರೆಯುತ್ತಾ ಮೇಜಿನ ಮೇಲೇ ನಿದ್ದೆ ಹೋಗಿದ್ದೀಯ. ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಟೈಲರ್ ಅಂಗಡಿಗೆ ಹೊರಟೆ.

ಹಾಲು ಕಾಯಿಸಿಟ್ಟಿದ್ದೇನೆ. ಗ್ಯಾಸನ್ನು ಸಿಲಿಂಡರಿನ ಹತ್ತಿರವೇ ಆಫ್ ಮಾಡಿದ್ದೇನೆ, ಅದು ಹಾಗೇ ಇರಲಿ. ನಿನ್ನೆ ಖಾಲಿ ಒಲೆ ಉರಿಯುತ್ತಿದ್ದದ್ದಕ್ಕೆ ನಿನ್ನನ್ನು ಬೈದೆನಲ್ಲ, ಹಚ್ಚಿದ್ದು ನೀನಲ್ಲ.

ಮುಂಬಾಗಿಲಿಗೆ ಬೀಗ ಹಾಕಿದ್ದೇನೆ. ಇನ್ನೊಂದು ಕೀ ನಿನ್ನ ಚೀಲದಲ್ಲಿದೆ. ಅದನ್ನು ಮೊಳೆಗೆ ನೇತುಹಾಕಬೇಡ.

ಅರ್ಜಿಯನ್ನು ಇವತ್ತು ಕಳಿಸಬೇಡ. "ಸೈಕಾಲಜಿ ನಿಂಗೇನಮ್ಮ ಗೊತ್ತು" ಅನ್ನುತ್ತೀಯ. ಅನ್ನು, ಪರವಾಗಿಲ್ಲ. ಮರೆವಿನ ಮೇಲೆ ಸಂಶೋಧನೆ ಮಾಡುತ್ತೇನೆಂದು ದಿನಾ ಬೆಳಿಗ್ಗೆ ನಿಮ್ಮಪ್ಪನಿಗೆ ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೀಯಲ್ಲ, ಒಂದು ದಿನವಾದರೂ ಪದ ಬದಲಾಯಿಸಿದ್ದೀಯಾ? ಅವರಿಗದು ಮಗ್ಗಿಯ ಹಾಗೆ ಬಾಯಿಪಾಠವಾಗಿದೆ ಕಣೇ. ನೀನು "ಅಪ್ಪನ ನೆನಪು ಗಟ್ಟಿ" ಎಂದು ಅರ್ಜಿಯಲ್ಲೇ ಬರೆದುಬಿಟ್ಟೆ. ನಾನೂ ನಂಬಿಕೊಂಡು ಹಾಯಾಗಿದ್ದೆ.

ಇವತ್ತು ಹಲ್ಲುಜ್ಜುತ್ತಾ ಯಾರೂ ಕೇಳದೆಯೇ ಒಪ್ಪಿಸಿದರು: ದೋಣಿ, ಕುರ್ಚಿ, ನಿಂಬೆ, ಗಂಟೆ, ಚಪ್ಪಲಿ. ಒಂದೂ ತಪ್ಪಿಲ್ಲ. ಆಮೇಲೆ ಬಾಗಿಲಲ್ಲಿ ನಿಂತು, ಮಲಗಿದ್ದ ನಿನ್ನನ್ನೇ ತುಂಬಾ ಹೊತ್ತು ನೋಡಿದರು. ನಿನಗೆ ಎಚ್ಚರವಾಗದ ಹಾಗೆ ನನ್ನ ಕಿವಿಯಲ್ಲಿ ಕೇಳಿದರು:

"ದಿನಾ ಬಂದು ಇದನ್ನೇ ಕೇಳ್ತಾಳಲ್ಲ, ಯಾರ ಮನೆ ಹುಡುಗೀನೇ ಇವಳು?"

ಈಗ ಒಳಗೆ ಮಲಗಿದ್ದಾರೆ. ಎದ್ದಾಗ ಪದ ಕೇಳಬೇಡ. ದೂರದಲ್ಲೇ ನಿಂತು, ಮೊದಲು ನೀನು ಯಾರೆಂದು ಹೇಳು.

ಅಮ್ಮ