ನಿಮ್ಮತ್ತೆಯ ಹೆಸರೇನು?

ನಂಜನಗೂಡು,
ಫೆಬ್ರವರಿ ಮೂವತ್ತು, ೨೨೧೭

ಪೂಜ್ಯ ಶಾರ್ವರಿ ಅಜ್ಜಿಗೆ, ನಿಮ್ಮ ಮರಿಮಗಳ ಮರಿಮಗಳಾದ ಇಂದುಮುಖಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಹಬ್ಬಕ್ಕೆ. ನಿಮಗಿನ್ನೂ ಮಕ್ಕಳೇ ಆಗಿರಲಿಕ್ಕಿಲ್ಲ, ಆದರೂ ಅಜ್ಜಿ ಎನ್ನದೆ ನನಗೆ ಗತಿಯಿಲ್ಲ. ಮಾತು ಸೊಟ್ಟಗೆ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಮೊಬೈಲಿನ ಧ್ವನಿಮುದ್ರಿಕೆಗಳಿಂದಲೇ ಕಲಿತವಳು ನಾನು.

ನಮ್ಮ ಮನೆಗಳಲ್ಲಿ 'ನಾದಗೋಡೆ' ಇರುತ್ತದೆ. ಹಳೆಯ ಧ್ವನಿಗಳನ್ನು ಕಾಪಿಟ್ಟು, ಕೇಳಿದಾಗ ಹಾಡುವ ಗೋಡೆ. ಬೆಳಿಗ್ಗೆ ದೋಸೆ ಹುಯ್ಯುತ್ತ ಅದರಲ್ಲಿ ನಿಮ್ಮತ್ತೆಯ ಹಾಡು ಕೇಳುತ್ತೇನೆ. ಮೊದಲ ದೋಸೆ ಸೀದೇ ಹೋಗುತ್ತದೆ. ಅವರು ಹಾಡಿದ ನಲವತ್ತೊಂದು ಕೃತಿಗಳ ಕೊನೆಯಲ್ಲೂ 'ಕಪಿಲಾತೀರ ನರಹರಿ' ಎಂಬ ಅಂಕಿತವಿದೆ. ಅದು ನಿಮ್ಮ ಮಾವ, ವಿದ್ವಾನ್ ನರಹರಯ್ಯನವರದು. ಅಂಕಿತ ಯಾರದೋ, ಕೃತಿಯೂ ಅವರದೇ ಎಂದು ನಂಬಿ, ಇಷ್ಟು ವರ್ಷವೂ ಅವರ ಪಟಕ್ಕೇ ಹಾರ ಹಾಕಿದೆವು.

ಹೋದ ವರ್ಷ ನಿಮ್ಮದೊಂದು ಮುದ್ರಿಕೆ ಸಿಕ್ಕಿತು. ಹಾಡು ಮುಗಿದ ಮೇಲೆ ನೀವು ಮೊಬೈಲ್ ನಿಲ್ಲಿಸಲು ಮರೆತಿದ್ದೀರಿ. ಅತ್ತೆ ನಗುತ್ತ ಹೇಳುತ್ತಾರೆ: "ಇದೆಲ್ಲ ನಾನೇ ಕಟ್ಟಿದ್ದು ಕಣೇ. ಅವರ ಅಂಕಿತ ಇದ್ರೆ ಕಚೇರೀಲಿ ಹಾಡ್ತಾರೆ. ನನ್ನ ಹೆಸರು ಹಾಕಿದ್ರೆ ಯಾರು ಹಾಡ್ತಾರೆ?" ನೀವು, "ಅಯ್ಯೋ ಅತ್ತೆ, ಇಷ್ಟು ದಿನ ಹೇಳ್ಲೇ ಇಲ್ವಲ್ಲ!" ಎನ್ನುತ್ತೀರಿ. ನಾನು ಗೋಡೆಯ ಮುಂದೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಅಂದೇ ಆ ಕೃತಿಗಳ ಪಟ್ಟಿಯಿಂದ ನಿಮ್ಮ ಮಾವನವರ ಹೆಸರು ತೆಗೆಸಿದೆವು. ಆದರೆ ಆ ಜಾಗದಲ್ಲಿ ಬರೆಯುವುದೇನು? ಕಾಗದಪತ್ರಗಳೆಲ್ಲ ಕಪಿಲೆಯ ನೆರೆಯಲ್ಲಿ ಹೋದವು. ಉಳಿದ ವಂಶವೃಕ್ಷದಲ್ಲಿ 'ನರಹರಯ್ಯನವರ ಧರ್ಮಪತ್ನಿ' ಎಂದಷ್ಟೇ ಇದೆ. ನಿಮ್ಮ ಅಷ್ಟೂ ಮುದ್ರಿಕೆ ಜಾಲಾಡಿದೆ. ಎಲ್ಲದರಲ್ಲೂ 'ಅತ್ತೆ', 'ಅತ್ತೆ'. ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕರೆಯುವುದುಂಟೆ? ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಅಜ್ಜಿ. ಸಂಕಟ ಮಾತ್ರ ಇದೆ.

ನಮ್ಮ ಕಚೇರಿಗಳಲ್ಲಿ ಒಂದು ಕೃತಿ ಹಾಡುವ ಮೊದಲು ಅದನ್ನು ಕಟ್ಟಿದವರ ಹೆಸರನ್ನು ಗಟ್ಟಿಯಾಗಿ ಹೇಳುವುದು ಪದ್ಧತಿ. ಹೆಸರು ಗೊತ್ತಿಲ್ಲದಿದ್ದರೆ ಆದಿತಾಳದ ಒಂದು ಆವರ್ತ, ಎಂಟು ಎಣಿಕೆ, ಸಭೆಯೆಲ್ಲ ಸುಮ್ಮನೆ ತಾಳ ಹಾಕುತ್ತದೆ. ನಿಮ್ಮತ್ತೆಗೆ ಈಗ ಸಿಗುತ್ತಿರುವುದು ಅಷ್ಟೇ.

ಈ ಕಾಗದ ಹೇಗಾದರೂ ನಿಮ್ಮ ಕೈ ಸೇರಿದರೆ, ನಾಳೆ ಅವರು ಹಾಡಲು ಕೂತಾಗ ಮೊಬೈಲಿನ ಮುದ್ರಣ ಶುರುಮಾಡಿ, ಮೊದಲು ಅವರ ಹೆಸರು ಹೇಳಿಬಿಡಿ. ಬೈದರೆ ಬೈಯಲಿ, ಆ ಬೈಗುಳವೂ ನಮಗೆ ಬೇಕು. ಬರುವ ಶ್ರಾವಣದಲ್ಲಿ ನನ್ನ ಕಚೇರಿಯಿದೆ. ಅವರ ಕೃತಿಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಸಭೆ ತಾಳ ಹಾಕಲು ಕೈಯೆತ್ತಿರುತ್ತದೆ.

ಎಂಟು ಎಣಿಸುವುದರೊಳಗೆ ಹೇಳಿ, ಅಜ್ಜಿ.