ಹಸಿರು ಪೆನ್ನಿನ ಜೋಡಿ

ಅಪ್ಪಾ,

ನೀನು ಹೋದ ಮೇಲೂ ನೀನು ಕೂಡಿಸಿಟ್ಟ ಹಳೆಯ ಪೆನ್ನುಗಳನ್ನು ನೋಡಲು ಆದೋನಿಯ ಮನೆಗೆ ಜನ ಬರುತ್ತಾರೆ. ಇಂದು ಗೋನೆಗಂಡ್ಲದಿಂದ ಪದ್ಮಜಾ ಎಂಬವಳು ಬಂದು, ಕರವಸ್ತ್ರ ಬಿಚ್ಚಿ ಒಂದು ಪೆನ್ಸಿಲ್ ಮೇಜಿನ ಮೇಲಿಟ್ಟಳು. ನಿನ್ನ ಹಸಿರು ಪೆನ್ನಿನ ಜೋಡಿ. ಕೋಸಗಿ ಸ್ಟೇಷನ್ನಿನಲ್ಲಿ ಕಳೆಯಿತು ಎನ್ನುತ್ತಿದ್ದೆಯಲ್ಲ, ಅದೇ. ಆ ಪೆನ್ನಿನ ಡಬ್ಬಿಯಲ್ಲಿದ್ದ ಖಾಲಿ ಜಾಗದಲ್ಲಿ ಸರಿಯಾಗಿ ಕೂತಿತು.

"ಇದು ನಿಮಗೆಲ್ಲಿ ಸಿಕ್ತು?" ಕಳ್ಳಿಯನ್ನು ವಿಚಾರಿಸುವಂತೆ ಕೇಳಿದೆ.

"ನಿಮ್ಮಪ್ಪಾರು ನಮ್ಮವ್ವಗ ಕೊಟ್ಟಿದ್ರಂತ್ರಿ. ಅವ್ವ ಸಾಯೋವಾಗ ಜೋಡಿ ಸೇರಿಸಿ ಬಾ ಅಂದ್ಲು."

ಅವಳ ಮುಖದಲ್ಲಿ ನಿನ್ನ ಮೂಗು, ನಿನ್ನ ಹುಬ್ಬು ಹುಡುಕುತ್ತಲೇ ಬಾಗಿಲವರೆಗೆ ಹೋಗಿ ಕಳಿಸಿದೆ.

"ಯಾರ ಬಂದಿದ್ರು?" ಅವ್ವ ಒಳಗಿನಿಂದ ಕೇಳಿದಳು.

"ಯಾರೋ ಪೆನ್ನು ನೋಡಾಕ ಬಂದಿದ್ರವ್ವ."

ಅವ್ವ ಹೊರಗೆ ಬಂದು ಮೇಜಿನ ಕಡೆ ನೋಡಿದಳು.

"ಆಕಿ ಪೆನ್ಸಿಲ್ ಕೊಟ್ಟು ಹೋದಳೇನು?"