ಕೆಂಪು ಲಂಗದ ದಾರಿ

ಬೆಟ್ಟದ ಮೇಲಿನ ತಂಗುದಾಣ,
ಬುಧವಾರ, ಮಧ್ಯಾಹ್ನ

ಮುದ್ದಿನ ಪುಟ್ಟಿಗೆ,

ನಿನ್ನ ಹಲ್ಲುನೋವು ಹೇಗಿದೆ? ಹಲ್ಲು ಕೀಳಿಸಿದೆಯೋ, ಇಲ್ಲ ಲವಂಗ ಕಚ್ಚಿಕೊಂಡೇ ದಿನ ತಳ್ಳುತ್ತಿದ್ದೀಯೋ? ಡಾಕ್ಟರ್ ಅಂದರೆ ಓಡುವುದರಲ್ಲಿ ನೀನು ಅಪ್ಪನ ಮಗಳೇ. ಅಳಿಯಂದಿರು ಚೆನ್ನಾಗಿದ್ದಾರಾ? ನಮ್ಮ ಬಾಲ್ಕನಿಯ ಗಿಡಗಳಿಗೆ ನೀರು ಹಾಕಲು ಅವರನ್ನೇ ಕಳಿಸು. ಹೋದ ಸಲ ನಿನ್ನನ್ನು ನಂಬಿ ಒಂದು ಗುಲಾಬಿ ಕಳೆದುಕೊಂಡಿದ್ದೇನೆ.

ನಾವಿಬ್ಬರೂ ಕ್ಷೇಮ. ನನ್ನ ಮೊಣಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಈ ವಯಸ್ಸಿನಲ್ಲಿ ಬೆನ್ನಿಗೆ ಮೂಟೆ ಏರಿಸಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ವಾರಗಟ್ಟಲೆ ನಡೆಯುವ ಯೋಚನೆ ಯಾರ ತಲೆಗಾದರೂ ಬರುತ್ತದಾ? ನಿನ್ನ ಅಪ್ಪನ ತಲೆಗೆ ಬಂತು. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಎದುರು ಗೋಡೆಗೆ ಆ ಹಳೇ ಕ್ಯಾಲೆಂಡರ್ ತೂಗುತ್ತಿದೆಯಲ್ಲ, ಹಿಮದ ಬೆಟ್ಟ, ಅದರ ಕೆಳಗೆ ನೂಲೆಳೆಯಂಥ ದಾರಿ? ಒಂದು ಬೆಳಗ್ಗೆ ಅದನ್ನು ತೋರಿಸಿ, "ಈ ವರ್ಷಾನೇ ನೋಡಿಬಿಡಬೇಕು ಕಣೇ" ಎಂದರು. ಅಂಗಡಿಗೆ ಬೀಗ ಬಿತ್ತು. ಹೊರಡುವಾಗ ನೀನು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದ್ದನ್ನು ನಾನು ಮರೆತಿಲ್ಲ. ಅಪ್ಪನನ್ನು ಹೇಗಾದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಒಪ್ಪಿಸು, ತಡವಾದರೆ ದೃಷ್ಟಿಯೇ ಹೋದೀತು ಎಂದೆ. ದಿನಾ ಮಾತು ತೆಗೆಯುತ್ತೇನೆ. ಅವರದು ಒಂದೇ ರಾಗ: ಕಣ್ಣಿನ ಡಾಕ್ಟರ ಬಾಗಿಲಲ್ಲಿ ಟೈಲರ್ ಕೂತಿದ್ದನ್ನು ಒಬ್ಬ ಗಿರಾಕಿ ಕಂಡರೂ ಸಾಕು, ಮಾರನೆಯ ದಿನ ಎಲ್ಲರೂ ಎದುರಂಗಡಿಗೆ.

ಬೆನ್ನಿನ ಚೀಲಗಳನ್ನು ಕೊಳ್ಳುವುದು ತಮಗೆ ಅವಮಾನ ಎಂದು ಅವರೇ ಹೊಲಿದರು. ನನ್ನ ಅಳತೆ ತೆಗೆಯುವುದೇ ಬೇಡ, ಬಾಯಿಪಾಠ ಇದೆ ಎಂದರು. ಇದ್ದದ್ದು ಮದುವೆಯ ವರ್ಷದ ಅಳತೆ. ಸೊಂಟದ ಪಟ್ಟಿಯ ಎರಡು ತುದಿಗಳೂ ನನ್ನ ಹೊಟ್ಟೆಯ ಆಚೆಗೊಂದು ಈಚೆಗೊಂದು ನಿಂತು ಒಂದನ್ನೊಂದು ನೋಡುತ್ತವೆ. ಒಂದು ಹೆಗಲ ಪಟ್ಟಿಗೆ ಕಪ್ಪು ನೂಲು, ಇನ್ನೊಂದಕ್ಕೆ ಕಡುನೀಲಿ. ಕೇಳಿದರೆ ಹೊಸ ಫ್ಯಾಷನ್ ಅಂತೆ. ಬೆಳಗ್ಗೆ ಎದ್ದರೆ ನಕ್ಷೆಗೆ ಟೇಪು ಹಿಡಿದು "ಇವತ್ತು ಒಂದೂವರೆ ಇಂಚು ಅಷ್ಟೇ" ಎನ್ನುತ್ತಾರೆ. ಆ ಒಂದೂವರೆ ಇಂಚು ಮುಗಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿರುತ್ತದೆ.

ಮೊನ್ನೆಯದು ಕೇಳು. ಇಲ್ಲಿ ದಾರಿಯುದ್ದಕ್ಕೂ ಬಂಡೆಗಳ ಮೇಲೆ ಕೆಂಪು ಬಣ್ಣ ಬಳಿದಿರುತ್ತಾರೆ, ಅದನ್ನೇ ಗುರುತು ಹಿಡಿದು ನಡೆಯಬೇಕು. ಮುಂದೆ ನಡೆಯುವ ಹಕ್ಕು ನಿನ್ನ ಅಪ್ಪನದು. "ಅಗೋ, ಗುರುತು" ಎಂದು ದೂರದ ಒಂದು ಕೆಂಪನ್ನು ತೋರಿಸಿ ಇಳಿಜಾರಿನಲ್ಲಿ ಇಳಿದರು. ನಾನು ಕಾಲಿಡುವ ಕಲ್ಲನ್ನೇ ನೋಡುತ್ತಾ, ಇಡೀ ಬೆಟ್ಟಕ್ಕೆ ಶಾಪ ಹಾಕುತ್ತಾ ಹಿಂದೆ ಹೋದೆ. ಹೋಗಿ ನಿಂತದ್ದು ಕುರಿ ಸಾಕುವವರ ಮನೆಯ ಹಿತ್ತಲಲ್ಲಿ, ಒಣಗಲು ಹಾಕಿದ್ದ ಒಂದು ಕೆಂಪು ಲಂಗದ ಎದುರು. ಮನೆಯಾಕೆ ಬಕೆಟ್ ಹಿಡಿದು ಕಣ್ಣು ಕಣ್ಣು ಬಿಡುತ್ತಿದ್ದಾಳೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇವರು ಮಾತ್ರ ಲಂಗದ ಅಂಚನ್ನು ಬೆರಳಲ್ಲಿ ಸವರಿ, "ಇಲ್ಲಿ ಹೊಲಿಗೆ ಬಿಟ್ಟಿದೆಯಮ್ಮಾ, ಹಾಕಿಕೊಡ್ತೀನಿ" ಎಂದರು, ಅದಕ್ಕೇ ಬೆಟ್ಟ ಹತ್ತಿ ಬಂದವರ ಹಾಗೆ. ಸೂಜಿ ದಾರ ತೆಗೆದು ನನ್ನ ಕೈಗಿಟ್ಟರು. ಚಳಿಗೆ ಬೆರಳು ಮರಗಟ್ಟಿದೆಯಂತೆ. ಪೋಣಿಸಿ ಕೊಟ್ಟೆ. ಮರಗಟ್ಟಿದ ಅದೇ ಬೆರಳು ಅಂಚಿನುದ್ದಕ್ಕೂ ಓಡಿದ್ದನ್ನು ನೀನು ನೋಡಬೇಕಿತ್ತು. ಅವರು ಹೊಲಿಗೆಯ ಕಡೆ ನೋಡುತ್ತಲೇ ಇರಲಿಲ್ಲ. ಆಕೆ ನಮಗೆ ಬಿಸಿ ಹಾಲು ಕೊಟ್ಟು, ಸರಿಯಾದ ದಾರಿಯವರೆಗೂ ಬಂದು ಬಿಟ್ಟು ಹೋದಳು.

"ಈ ವರ್ಷಾನೇ" ಎಂದು ಹಟ ಹಿಡಿದದ್ದು ಯಾಕೆಂದು ನನಗೆ ಆಗ ಹೊಳೆಯಿತು ಪುಟ್ಟಿ. ಕಣ್ಣಿರುವಾಗಲೇ ಆ ಬೆಟ್ಟ ನೋಡಿಬಿಡೋಣ ಎಂದು ಬಂದಿದ್ದಾರೆ ಈ ಮನುಷ್ಯ, ನನಗೂ ಹೇಳದೆ. ನಿನ್ನೆ ಕ್ಯಾಲೆಂಡರಿನ ಬೆಟ್ಟದ ಎದುರೇ ಕೂತಿದ್ದೆವು. "ಹಿಮ ಎಲ್ಲೀವರೆಗಿದೆ, ಹೇಳು" ಎಂದರು. ಹೆಗಲಿಂದ ಮೊಣಕೈವರೆಗೆ, ಅರ್ಧ ತೋಳಿನ ಅಂಗಿಯ ಹಾಗೆ ಎಂದೆ. ಅಳತೆ ಒಪ್ಪಿಗೆಯಾದವರಂತೆ ತಲೆಯಾಡಿಸಿದರು. ನನಗೆ ಅಳು ಬಂತು, ಕೆಮ್ಮಿದೆ.

ಇದನ್ನು ಬರೆಯುವಾಗಲೂ ನನ್ನ ಹೆಗಲ ಮೇಲಿಂದ ಬಗ್ಗಿ ಓದುವ ನಾಟಕ ಆಡುತ್ತಿದ್ದಾರೆ. "ಚೆನ್ನಾಗಿ ಬರ್ದಿದೀಯ" ಅಂತ ಬೇರೆ. ಪರೀಕ್ಷೆಗೆಂದು ಇಲ್ಲೇ ಬರೆಯುತ್ತೇನೆ: ಊರಿಗೆಲ್ಲ ಅಂಗಿ ಹೊಲಿಯುವ ಟೈಲರ್ ಇವತ್ತು ತಮ್ಮ ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡಿದ್ದಾರೆ. ನೋಡು, ತುಟಿ ಪಿಟಕ್ಕೆನ್ನಲಿಲ್ಲ. ಆದ್ದರಿಂದ ಒಂದು ಉಪಾಯ ಮಾಡಿದ್ದೇನೆ. ನೀನು ಕಣ್ಣಿನ ಡಾಕ್ಟರ ಹತ್ತಿರ ನನ್ನ ಹೆಸರಲ್ಲಿ ಸಮಯ ಗೊತ್ತುಮಾಡು. ನನಗೆ ಜೊತೆ ಬೇಕೆಂದು ಇವರನ್ನು ಹೊರಡಿಸಿ, ಅಲ್ಲಿ ಕುರ್ಚಿಯಲ್ಲಿ ಇವರನ್ನೇ ಕೂರಿಸೋಣ.

ನೀನೂ ಹಲ್ಲು ಕೀಳಿಸಿಕೋ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿಮಗಿಬ್ಬರಿಗೂ ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ ಇರಲಿ.

ಮೊಣಕಾಲಿನ ಜೊತೆ ಜಗಳದಲ್ಲಿರುವ
ನಿನ್ನ ಅಮ್ಮ

ಮತ್ತೆ: ಲಕೋಟೆ ಅಂಟಿಸಲು ಹೋದರೆ, ಒಂದು ಸಲ ಗಟ್ಟಿಯಾಗಿ ಓದು ಎಂದರು. ಸುಳ್ಳು ಓದೋಣವೆಂದರೆ ನಾಲಗೆ ಏಳಲಿಲ್ಲ. ಲಂಗ, ಹಿಮ, ಉಪಾಯ, ಎಲ್ಲ ಓದಿದೆ. ಅವರು ಎದ್ದು ಅಂಗಿ ಬಿಚ್ಚಿ, ಹೊಲಿಗೆಯನ್ನು ತಡವಿ ನೋಡಿ, ಸರಿಮಾಡಿ ಹಾಕಿಕೊಂಡರು. ಆಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ: "ನಿನ್ನ ಹೆಸರಲ್ಲೇ ತಗೊಳ್ಳಲಿ. ನಾನು ಜೊತೆಗೆ ಬರ್ತೀನಿ. ಒಳಗೆ ಹೋಗುವಾಗ ಮಾತ್ರ ಕೈ ಬಿಡಬೇಡ." ಬೇಗ ಸಮಯ ಕೇಳು ಪುಟ್ಟಿ.